ತಾತನ ಮ್ಯಾಸಿಗೆ ದೊಡ್ಡ ಎಂಜಿನ್: ಎಲ್ರೂ ಪದೇ ಪದೇ ಕೇಳೋ ಪ್ರಶ್ನೆಗಳು

ನಮ್ಮ ತಾತನ ಮ್ಯಾಸಿ ಫರ್ಗುಸನ್ 1035 ಹಿತ್ತಲ ಹುಣಸೆ ಮರದ ಕೆಳಗೆ ಹದಿನೇಳು ವರ್ಷ ನಿಂತಿತ್ತು. ಟೈರು ಮಣ್ಣಲ್ಲಿ ಹೂತಿತ್ತು, ಟೂಲ್ ಬಾಕ್ಸಲ್ಲಿ ಕೋಳಿ ಮೊಟ್ಟೆ ಇಡ್ತಿತ್ತು, ಬಾನೆಟ್ ಮೇಲೆ ಅಮ್ಮ ಹಪ್ಪಳ ಒಣಗಿಸ್ತಿದ್ರು. ಅದನ್ನ ಎಬ್ಬಿಸಿ, ಹಳೇ ಎಂಜಿನ್ ಜಾಗಕ್ಕೆ ಮ್ಯಾಸಿ 241ರ ಎಂಜಿನ್ ಕೂರಿಸಿ ಮೂರು ಮುಂಗಾರು ಕಳೆದ್ವು. ಅವತ್ತಿಂದ ಮಂಡ್ಯ ಸಂತೇಲಿ, ಮದುವೆ ಮನೇಲಿ, ರಾತ್ರಿ ಹತ್ತು ಗಂಟೆಗೆ ಫೋನಲ್ಲಿ, ಎಲ್ಲಾ ಕಡೆ ಅದೇ ಪ್ರಶ್ನೆಗಳು. ಒಂದ್ಸಲ ಬರೆದಿಟ್ಬಿಡೋಣ ಅಂತ ಕೂತಿದೀನಿ. ನಾನು ಇಂಜಿನಿಯರ್ ಅಲ್ಲ, ಕೈ ಮಸಿ ಮಾಡ್ಕೊಂಡು ಕಲಿತಿರೋನು, ಅಷ್ಟೇ.

## ಶುರು ಮಾಡೋಕೆ ಮುಂಚೆ

ಅಣ್ಣಾ, ವರ್ಷಾನುಗಟ್ಟಲೆ ನಿಂತಿರೋ ಗಾಡಿ ಮತ್ತೆ ಓಡುತ್ತಾ, ಇಲ್ಲ ಗುಜರಿಗೆ ಹಾಕ್ಬಿಡ್ಲಾ?

ಮುಕ್ಕಾಲು ಪಾಲು ಓಡುತ್ತೆ. ಮೊದ್ಲು ನೋಡ್ಬೇಕಾದ್ದು ಸೈಲೆನ್ಸರ್ ಬಾಯಿ. ಅದರ ಮೇಲೆ ಡಬ್ಬ ಮುಚ್ಚದೆ ಬಿಟ್ಟಿದ್ರೆ ಮಳೆ ನೀರು ಸೀದಾ ಇಳಿದು, ಯಾವ ಸಿಲಿಂಡರ್‌ದು ಎಕ್ಸಾಸ್ಟ್ ವಾಲ್ವ್ ತೆರೆದು ನಿಂತಿರುತ್ತೋ ಅದರೊಳಗೆ ಕೂತ್ಕೊಳ್ಳುತ್ತೆ. ನಮ್ಮದ್ರಲ್ಲಿ ಎರಡನೇ ಸಿಲಿಂಡರ್ ಹಿಂಗೇ ತುಕ್ಕು ಹಿಡಿದು ಎಂಜಿನ್ ಜಾಮ್ ಆಗಿತ್ತು. ಇಂಜೆಕ್ಟರ್ ಬಿಚ್ಚಿ ಪ್ರತಿ ಸಿಲಿಂಡರ್‌ಗೂ ಡೀಸೆಲ್ಲು, ಪವರ್ ಸ್ಟೀರಿಂಗಿಗೆ ಹಾಕೋ ಎಣ್ಣೆ, ಎರಡೂ ಅರ್ಧರ್ಧ ಬೆರೆಸಿ ಸುರಿದು ಎರಡು ಮೂರು ವಾರ ಮರ್ತುಬಿಡಿ. ಆಮೇಲೆ ಸ್ಟಾರ್ಟರ್ ಬಿಚ್ಚಿ ಆ ಕಿಂಡೀಲಿ ಫ್ಲೈವೀಲ್ ಹಲ್ಲಿಗೆ ಕಬ್ಬಿಣದ ಪಟ್ಟಿ ಕೊಟ್ಟು ಹಿಂದೆ ಮುಂದೆ ಮೆಲ್ಲಗೆ ಆಡಿಸಿ. ದಯವಿಟ್ಟು ಇನ್ನೊಂದು ಟ್ರ್ಯಾಕ್ಟರ್‌ಗೆ ಹಗ್ಗ ಕಟ್ಟಿ ಗೇರಲ್ಲಿ ಹಾಕಿ ಎಳೀಬೇಡಿ, ಕನೆಕ್ಟಿಂಗ್ ರಾಡ್ ಬಗ್ಗುತ್ತೆ, ಪಿಸ್ಟನ್ ಒಡೆಯುತ್ತೆ, ಆಮೇಲೆ ನಿಜವಾಗ್ಲೂ ಗುಜರಿನೇ.

ಬ್ಲಾಕ್ ಸೀಳಿದ್ಯಾ, ಹಿಂದಿನ ಹೌಸಿಂಗ್ ಒಡೆದು ವೆಲ್ಡಿಂಗ್ ಆಗಿದ್ಯಾ ನೋಡಿ. ಬೀಡು ಕಬ್ಬಿಣ ವೆಲ್ಡ್ ಮಾಡಿರೋ ಹೌಸಿಂಗ್ ಇದ್ರೆ ನಾನಾದ್ರೆ ಕೈ ಮುಗಿದು ಬಂದ್ಬಿಡ್ತೀನಿ.

ಹಳೇ ಗಾಡಿ ತಗೊಂಡು ರೆಡಿ ಮಾಡ್ಬೇಕು ಅಂತ ಆಸೆ, ಯಾವುದು ತಗೊಳ್ಲಿ ಸರ್?

ಸಾಮಾನು ಸಿಗೋ ಗಾಡಿ ತಗೊಳ್ಳಿ, ಚಂದ ಕಾಣೋ ಗಾಡಿ ಅಲ್ಲ. ಮ್ಯಾಸಿ ಸುಲಭ, ಯಾಕಂದ್ರೆ 1960ರಲ್ಲಿ ಮದ್ರಾಸಲ್ಲಿ ಶುರುವಾದ ಟಾಫೆಯವ್ರು ಇವತ್ತಿಗೂ ಅದೇ ವಂಶದ ಗಾಡಿ ಮಾಡ್ತಿದಾರೆ, ದೊಡ್ಡಬಳ್ಳಾಪುರದಲ್ಲೂ ಅವರ ಫ್ಯಾಕ್ಟರಿ ಇದೆ, ತಾಲ್ಲೂಕಿಗೊಬ್ಬ ಮೆಕ್ಯಾನಿಕ್ ಸಿಗ್ತಾನೆ. 1960ರ ದಶಕದಲ್ಲಿ ಮಹೀಂದ್ರ ಕಂಪನಿ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಜೊತೆ ಸೇರಿ ತಂದ ಬಿ 275 ಕೂಡ ಗಟ್ಟಿ ಗಾಡಿ, ನಾಲ್ಕು ಸಿಲಿಂಡರು, ಅದರ ಸದ್ದೇ ಬೇರೆ. ಎಚ್‌ಎಂಟಿ ಜೀಟರ್ 2511 ಬಗ್ಗೆ ನನಗೆ ಮನಸ್ಸಲ್ಲಿ ಒಂದು ಮೂಲೆ ಇದೆ, 1971ರಲ್ಲಿ ಹರಿಯಾಣದ ಪಿಂಜೋರ್‌ನಲ್ಲಿ ಶುರುವಾದ 25 ಎಚ್‌ಪಿ ಗಾಡಿ, ಆದ್ರೆ ಕಂಪನಿ ಬಾಗಿಲು ಹಾಕಿದೆ, ಒಂದು ಸಣ್ಣ ಗೇರ್‌ಗೂ ಊರೂರು ಅಲೀಬೇಕು. ಮೊದಲನೇ ಗಾಡಿಗೆ ಅದು ಬೇಡ.

ಆರ್‌ಸಿ ಇಲ್ಲ, ಆದ್ರೆ ಗಾಡಿ ಚೀಪಾಗಿ ಸಿಗ್ತಿದೆ, ತಗೋಬೋದಾ?

ಬೇಡ.

ಒಟ್ಟು ಎಷ್ಟು ಖರ್ಚು ಬರುತ್ತೆ ಹೇಳಿ?

ನಿಮ್ಮ ಗಾಡಿ ನೋಡ್ದೆ ಯಾರಾದ್ರೂ ಲೆಕ್ಕ ಹೇಳಿದ್ರೆ ನಂಬಬೇಡಿ. ದುಡ್ಡು ಎಲ್ಲಿ ಹೋಗುತ್ತೆ ಅಂತ ಮಾತ್ರ ಹೇಳ್ತೀನಿ. ಎಲ್ರೂ ಎಂಜಿನ್‌ಗೆ ಅಂತ ದುಡ್ಡು ಎತ್ತಿಡ್ತಾರೆ, ಕೊನೆಗೆ ಕೈ ಕಚ್ಚೋದು ಟೈರು. ಹಿಂದಿನ 12.4-28 ಎರಡು, ಮುಂದಿನ 6.00-16 ಎರಡು, ಟ್ಯೂಬು ಸೇರಿಸಿ ತಗೊಂಡಾಗ ನನಗೆ ಒಂದ್ವಾರ ನಿದ್ದೆ ಬರ್ಲಿಲ್ಲ. ಆಮೇಲೆ ಲೇತ್ ಕೆಲಸ, ಪಂಪ್ ಕೆಲಸ, ಅದಾದ್ಮೇಲೆ ಯಾರೂ ಲೆಕ್ಕ ಇಡದ ಬೋಲ್ಟು, ವಾಷರ್ರು, ಸೀಲು, ಹೋಸ್ ಪೈಪು, ಜೊತೆಗೆ ಬೆಂಗಳೂರು ಜೆಸಿ ರೋಡಿಗೆ ಓಡಾಡಿದ ಬಸ್ ಚಾರ್ಜು ಮತ್ತು ಆ ಬಿಸಿಲಲ್ಲಿ ಕುಡಿದ ಕಬ್ಬಿನ ಹಾಲು.

## ಬಿಚ್ಚೋದು, ಕಟ್ಟೋದು

ಟ್ರ್ಯಾಕ್ಟರ್‌ನ ಮಧ್ಯಕ್ಕೆ ಎರಡು ಭಾಗ ಮಾಡ್ಬೇಕು ಅಂತಾರಲ್ಲ, ಮನೇಲೇ ಮಾಡ್ಬೋದಾ?

ಮಾಡ್ಬೋದು, ಆದ್ರೆ ಇದೊಂದು ಉತ್ತರ ಪೂರ್ತಿ ಓದಿ. ಲಾರಿಗೆ ಇರೋ ಹಾಗೆ ಇದಕ್ಕೆ ಚಾಸಿಸ್ ಇಲ್ಲ. ಮುಂದಿನ ಆಕ್ಸಲ್, ಎಂಜಿನ್, ಗೇರ್ ಬಾಕ್ಸ್, ಹಿಂದಿನ ಆಕ್ಸಲ್ ಒಂದಕ್ಕೊಂದು ಬೋಲ್ಟ್ ಹಾಕಿ ನಿಲ್ಲಿಸಿರೋದು, ಅಂದ್ರೆ ಎಂಜಿನ್ನೇ ಗಾಡಿಯ ಬೆನ್ನುಮೂಳೆ. ಕ್ಲಚ್ ಹತ್ರ ಬೋಲ್ಟ್ ಬಿಚ್ಚಿದ ತಕ್ಷಣ ಗಾಡಿ ನಡು ಮುರಿದಂಗೆ ಕೆಳಕ್ಕೆ ಕುಸಿಯುತ್ತೆ. ಅದಕ್ಕೇ ಎರಡೂ ಕಡೆಗೂ ಬೇರೆ ಬೇರೆ ಆಸರೆ ಬೇಕು. ಎಲ್ರೂ ಮರೆಯೋ ಇನ್ನೊಂದು ವಿಷ್ಯ, ಮುಂದಿನ ಆಕ್ಸಲ್ ನಡುವಿನ ಪಿನ್ ಮೇಲೆ ತೊಟ್ಟಿಲ ಥರ ಆಡುತ್ತೆ, ಹಿಂಬದಿ ಬೇರೆ ಆದ್ಮೇಲೆ ಎಂಜಿನ್ ಪಕ್ಕಕ್ಕೆ ಮಗುಚಿಕೊಳ್ಳೋಕೆ ಅದನ್ನ ತಡೆಯೋದು ಏನೂ ಇರಲ್ಲ. ಬಿಚ್ಚೋಕೆ ಮುಂಚೆ ಆಕ್ಸಲ್‌ಗೂ ಅದರ ಮೇಲಿನ ಸಪೋರ್ಟ್‌ಗೂ ನಡುವೆ ಎರಡೂ ಕಡೆ ಗಟ್ಟಿ ಮರದ ಬೆಣೆ ಹೊಡೀರಿ. ಜಾಕಿ ಎತ್ತೋಕೆ ಮಾತ್ರ, ಭಾರ ಹೊರೋಕೆ ಸ್ಟ್ಯಾಂಡು ಇಲ್ಲ ಮರದ ದಿಮ್ಮಿ. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಯಾವತ್ತೂ ಇಡಬೇಡಿ, ಅದು ಒಡೆಯೋಕೆ ಮುಂಚೆ ಹೇಳಿ ಒಡೆಯಲ್ಲ. ನೆಲ ಮಟ್ಟಸವಾಗಿ ಗಟ್ಟಿಯಾಗಿರ್ಬೇಕು, ನಾವು ರಾಗಿ ಕಣದಲ್ಲಿ ಶುರು ಮಾಡಿ ಬುದ್ಧಿ ಬಂದು ಪಕ್ಕದ ಮನೆಯವ್ರ ಕಾಂಕ್ರೀಟ್ ಅಂಗಳಕ್ಕೆ ತಳ್ಕೊಂಡು ಹೋದ್ವಿ.

ವಾಪಸ್ ಸೇರಿಸುವಾಗ ಬೋಲ್ಟ್ ಟೈಟ್ ಮಾಡಿ ಎಳೀಬೇಡಿ. ಶಾಫ್ಟ್ ಹಲ್ಲು ಕ್ಲಚ್ ಪ್ಲೇಟಿನ ಹಲ್ಲಿಗೆ ಕೂತಿಲ್ಲ ಅಂದ್ರೆ ಫ್ಲೈವೀಲ್ ಸ್ವಲ್ಪ ತಿರುಗಿಸಿ, ಮತ್ತೆ ತಳ್ಳಿ. ಕೈಯಲ್ಲಿ ತಳ್ಳಿದಾಗ ಎರಡೂ ಮುಖ ಪೂರ್ತಿ ಅಂಟ್ಕೋಬೇಕು, ಬೋಲ್ಟ್ ಆಮೇಲೆ.

ಲಿಫ್ಟ್ ಏಳ್ತಾನೇ ಇಲ್ಲ, ಹೈಡ್ರಾಲಿಕ್ ಪಂಪ್ ಹೋಗಿದ್ಯಾ?

ಮೊದ್ಲು ಪಿಟಿಓ (ಎಂಜಿನ್ ಶಕ್ತೀನ ಹಿಂದೆ ಕಟ್ಟೋ ಸಲಕರಣೆಗೆ ಕೊಡೋ ಶಾಫ್ಟ್) ಲಿವರ್ ಹಾಕಿದೀರಾ ನೋಡಿ! ಹಳೇ ಫರ್ಗುಸನ್ ವಂಶದ ಗಾಡಿಗಳಲ್ಲಿ ಹೈಡ್ರಾಲಿಕ್ ಪಂಪ್ ಹಿಂದಿನ ಹೌಸಿಂಗ್ ಒಳಗೆ ಎಣ್ಣೆಯಲ್ಲಿ ಮುಳುಗಿ ಕೂತಿರುತ್ತೆ, ಅದನ್ನ ತಿರುಗಿಸೋದೇ ಪಿಟಿಓ ಶಾಫ್ಟ್. ಕೆಲವು ಮಾಡೆಲ್‌ಗಳಲ್ಲಿ ಲಿವರ್ ನ್ಯೂಟ್ರಲ್‌ನಲ್ಲಿದ್ರೆ ಪಂಪೂ ತಿರುಗಲ್ಲ, ಲಿಫ್ಟೂ ಏಳಲ್ಲ. ಇದು ಗೊತ್ತಿಲ್ದೆ ಪಂಪ್ ಬಿಚ್ಚಿಸಿ ದುಡ್ಡು ಕೊಟ್ಟೋರನ್ನ ನೋಡಿದೀನಿ. ಅದೂ ಸರಿ ಇದ್ರೆ ಎಣ್ಣೆ ಮಟ್ಟ ನೋಡಿ, ಆಮೇಲೆ ಎಣ್ಣೆ ಬಣ್ಣ ನೋಡಿ, ಮಜ್ಜಿಗೆ ಥರ ಬೆಳ್ಳಗಿದ್ರೆ ಗೇರ್ ಲಿವರ್ ಬುಡದಿಂದ ಮಳೆ ನೀರು ಇಳಿದಿದೆ ಅಂತ ಅರ್ಥ. ಪೂರ್ತಿ ಇಳಿಸಿ, ಡೀಸೆಲ್ ಹಾಕಿ ತೊಳೆದು, ಹೊಸದು ತುಂಬಿ. ಅದೇ ಎಣ್ಣೆ ಗೇರ್‌ಗೂ ಲಿಫ್ಟ್‌ಗೂ ಎರಡಕ್ಕೂ, ಜಿಪುಣತನ ಮಾಡಬೇಡಿ.

ಕ್ಲಚ್ ಹೌಸಿಂಗ್ ಕೆಳಗಿಂದ ಎಂಜಿನ್ ಆಯಿಲ್ ಸೋರುತ್ತೆ, ಮೂರು ಸಲ ಸೀಲ್ ಹಾಕ್ಸಿದೀನಿ

ನಮ್ಮ ಮ್ಯಾಸಿ ಎಂಜಿನ್ ಇಂಗ್ಲೆಂಡಿನ ಪರ್ಕಿನ್ಸ್ ಕಂಪನಿಯ ಮೂರು ಸಿಲಿಂಡರ್ ವಂಶದ್ದು, ಆ ವಂಶಕ್ಕೆ ಇದು ಹುಟ್ಟಿನಿಂದ ಬಂದ ಖಾಯಿಲೆ. ಕ್ರ್ಯಾಂಕ್ ಹಿಂಭಾಗದಲ್ಲಿ ರಬ್ಬರ್ ಸೀಲ್ ಅಲ್ಲ, ಹಗ್ಗದ ಥರದ ರೋಪ್ ಸೀಲು, ಎರಡು ಅರ್ಧ ಬಳೆಗಳಲ್ಲಿ ಕೂತಿರುತ್ತೆ. ಹಗ್ಗದ ಎರಡೂ ತುದಿ ಒಂದು ಕೂದಲೆಳೆ ಹೊರಗಿರೋ ಹಂಗೆ ಮೊದ್ಲು ಬಳೆಯ ಒಳಗಿನ ಗೀರಲ್ಲಿ ಕೂರಿಸಿ, ಆಮೇಲೆ ಉಳಿದದ್ದನ್ನ ನಡುವಿಂದ ಒತ್ತಿ, ದುಂಡನೆ ಕಬ್ಬಿಣದಿಂದ ಉಜ್ಜಿ ಉಜ್ಜಿ, ಗ್ರೀಸ್ ಹಚ್ಚಿ ಕಟ್ಟಬೇಕು. ಅವಸರದಲ್ಲಿ ಸುತ್ತಿಗೇಲಿ ಹೊಡೆದು ಕೂರಿಸಿದ್ರೆ ಮೂರಲ್ಲ ಮೂವತ್ತು ಸಲ ಹಾಕ್ಸಿದ್ರೂ ಸೋರುತ್ತೆ. ಶಾಫ್ಟ್ ಸವೆದು ಗೆರೆ ಬಿದ್ದಿದ್ರೆ ಅದೂ ಒಂದು ಕಾರಣ. ಬ್ರೀದರ್ ಪೈಪ್ ಕಟ್ಟಿಕೊಂಡಿದ್ರೆ ಒಳಗಿನ ಗಾಳಿಯೇ ಎಣ್ಣೆಯನ್ನ ಹೊರಗೆ ನೂಕುತ್ತೆ, ಹೆಚ್ಚಿನ ಮೇಸ್ತ್ರಿಗಳು ಅದನ್ನ ನೋಡೋದೇ ಇಲ್ಲ.

ಹೊಸ ರಿಂಗು ಲೈನರ್ ಹಾಕಿದ್ಮೇಲೆ ಎರಡು ದಿನ ಸುಮ್ನೆ ಸ್ಟಾರ್ಟ್ ಮಾಡಿ ಬಿಡ್ಬೇಕಂತೆ, ಹೌದಾ?

ಇಲ್ಲ, ಅದೇ ದೊಡ್ಡ ತಪ್ಪು. ಕೆಲಸ ಕೊಡದೆ ಸ್ಲೋ ಆಗಿ ಓಡಿಸ್ತಾ ಕೂತ್ರೆ ಪಿಸ್ಟನ್ ಸುತ್ತ ಇರೋ ರಿಂಗು, ಸಿಲಿಂಡರ್ ಒಳಗಿನ ಕೊಳವೆಯಾದ ಲೈನರ್‌ಗೆ ಒತ್ತಿ ಕೂರಲ್ಲ, ಲೈನರ್ ಗಾಜಿನಂಗೆ ನುಣ್ಣಗಾಗುತ್ತೆ, ಆಮೇಲೆ ಜೀವನಪೂರ್ತಿ ಎಣ್ಣೆ ಕುಡಿಯುತ್ತೆ. ಬಿಸಿ ಆಗೋಕೆ ಬಿಟ್ಟು, ಹಗುರ ಕಲ್ಟಿವೇಟರ್ ಕಟ್ಟಿ ಹೊಲಕ್ಕೆ ಇಳಿಸಿ, ಒಂದೇ ಸ್ಪೀಡಲ್ಲಿ ಇಡಬೇಡಿ, 50 ಗಂಟೆ ಆದ್ಮೇಲೆ ಆಯಿಲ್ಲು ಫಿಲ್ಟರ್ರು ಬದಲಾಯಿಸಿ. ಟ್ಯಾಪೆಟ್, ಅಂದ್ರೆ ವಾಲ್ವಿನ ಸಂದು, ಮತ್ತೆ ನೋಡಿ, ತಣ್ಣಗಿದ್ದಾಗ 12 ತೌ (ಇಂಚಿನ ಸಾವಿರದಲ್ಲಿ ಹನ್ನೆರಡು ಭಾಗ).

ಮೊದಲನೇ ಸಲ ಸ್ಟಾರ್ಟ್ ಮಾಡುವಾಗ ಒಬ್ರು ಕೈಯಲ್ಲಿ ಮರದ ಹಲಗೆ ಹಿಡ್ಕೊಂಡು ಏರ್ ಕ್ಲೀನರ್ ಪೈಪ್ ಬಿಚ್ಚಿರೋ ಬಾಯಿ ಹತ್ರ ನಿಂತಿರ್ಬೇಕು. ವರ್ಷಗಟ್ಟಲೆ ನಿಂತ ಪಂಪಿನೊಳಗೆ ಏನಾದ್ರೂ ಸಿಕ್ಕಿಹಾಕ್ಕೊಂಡಿದ್ರೆ ಎಂಜಿನ್ ತಾನಾಗೇ ರೇಸ್ ಆಗ್ತಾ ಹೋಗುತ್ತೆ, ಕೀ ಎಳೆದ್ರೂ ನಿಲ್ಲಲ್ಲ, ಗಾಳಿ ಮುಚ್ಚಿದ್ರೆ ಮಾತ್ರ ನಿಲ್ಲೋದು. ಬರಿಗೈ ಅಡ್ಡ ಇಡಬೇಡಿ, ಬಟ್ಟೆನೂ ಬೇಡ, ಎಳ್ಕೊಂಡ್ಬಿಡುತ್ತೆ.

## ದೊಡ್ಡ ಎಂಜಿನ್ ವಿಚಾರ

ಹಳೇ ಎಂಜಿನ್ನೇ ಬೋರ್ ಮಾಡ್ಸಿದ್ರೆ ಆಗ್ತಿತ್ತಲ್ವಾ, ಯಾಕ್ ಬದಲಾಯಿಸಿದ್ರಿ?

ಆಗ್ತಿತ್ತು. ನಿಜ ಹೇಳ್ಬೇಕಂದ್ರೆ ಹತ್ತರಲ್ಲಿ ಎಂಟು ಜನಕ್ಕೆ ನಾನು ಅದನ್ನೇ ಹೇಳ್ತೀನಿ, ಇರೋ ಎಂಜಿನ್ನೇ ಚೆನ್ನಾಗಿ ಕಟ್ಟಿಸ್ಕೊಳ್ಳಿ. ನಮ್ಮ ಗದ್ದೆ ಕೆಲಸಕ್ಕೆ ರೋಟಾವೇಟರ್ (ತಿರುಗೋ ಬ್ಲೇಡಲ್ಲಿ ಮಣ್ಣು ಪುಡಿ ಮಾಡೋ ಸಲಕರಣೆ) ಬೇಕಿತ್ತು, ತಾತನ ಕಾಲದಲ್ಲಿ ಕೇಜ್ ವೀಲ್ ಹಾಕಿ ಕೆಸರು ತುಳಿಸಿದ್ರೆ ಮುಗೀತಿತ್ತು, ಈಗ ಆ ಸುಮಾರು 35 ಎಚ್‌ಪಿಯ ಹಳೇ ಎಂಜಿನ್ನು ರೋಟಾವೇಟರ್ ಭಾರಕ್ಕೆ ಏದುಸಿರು ಬಿಡ್ತಿತ್ತು. ಅದೇ ಹೊತ್ತಿಗೆ ಟ್ರೇಲರ್ ಸಮೇತ ಕಾಲುವೆಗೆ ಬಿದ್ದಿದ್ದ 241 ಗಾಡಿದು 42 ಎಚ್‌ಪಿ ಎಂಜಿನ್ ದಾಖಲೆ ಸಮೇತ ಸಿಕ್ತು. ಏಳು ಎಚ್‌ಪಿ ಅಷ್ಟೇ ಜಾಸ್ತಿ. ಕೇಳೋರಿಗೆ ಇಷ್ಟೇನಾ ಅನ್ಸುತ್ತೆ, ಗಾಡಿಗೆ ಅಷ್ಟೇ ಸಾಕು.

ಇದೆಲ್ಲ ನಮ್ಮ ಹಳ್ಳಿ ಜುಗಾಡು ಅಲ್ವಾ ಗುರು?

ಜುಗಾಡೇ, ಆದ್ರೆ ದೊಡ್ಡ ಮನೆತನದ ಜುಗಾಡು. ಇಂಗ್ಲೆಂಡಿನ ಫೋರ್ಡ್‌ಸನ್ ಮೇಜರ್ ಇ27ಎನ್‌ಗೆ 1940ರ ದಶಕದ ಕೊನೇಲಿ ಪರ್ಕಿನ್ಸ್ ಕಂಪನಿಯ ಆರು ಸಿಲಿಂಡರ್ ಪಿ6 ಡೀಸೆಲ್ ಎಂಜಿನ್ ಕೂರಿಸಿ ಮಾರ್ತಿದ್ರು. ಕೊವೆಂಟ್ರಿಯಲ್ಲಿ 1946ರಿಂದ 1956ರವರೆಗೆ ಐದು ಲಕ್ಷಕ್ಕೂ ಮೀರಿ ತಯಾರಾದ ಸಣ್ಣ ಬೂದು ಬಣ್ಣದ ಫರ್ಗುಸನ್ ಟಿಇ20ಗೆ ಪರ್ಕಿನ್ಸ್‌ನವ್ರೇ ಪಿ3 ಡೀಸೆಲ್ ಕೂರಿಸೋ ಕಿಟ್ ಕೊಡ್ತಿದ್ರು. ಅಮೆರಿಕದಲ್ಲಿ ಫಂಕ್ ಅಂತ ಅವಳಿ ಅಣ್ಣತಮ್ಮಂದಿರು, ವಿಮಾನ ತಯಾರಿಸ್ತಿದ್ದೋರು, ಫೋರ್ಡ್ 8ಎನ್ ಟ್ರ್ಯಾಕ್ಟರ್‌ಗೆ ಆರು ಸಿಲಿಂಡರ್ ಮತ್ತು ವಿ8 ಎಂಜಿನ್ ಕೂರಿಸೋ ಕಿಟ್ ಮಾಡಿ ಮಾರಿದ್ರು. ಎರಡು ಲೀಟರ್ ಎಂಜಿನ್ ಇದ್ದ ಪಾಪದ ಗಾಡಿಗೆ ಸುಮಾರು 100 ಎಚ್‌ಪಿ!

ಅಷ್ಟು ದೂರ ಯಾಕೆ, ನಮ್ಮ 1035ರ ಅಜ್ಜ 1956ರ ಫರ್ಗುಸನ್ 35 ಇತ್ತಲ್ಲ, ಅದರ ಡೀಸೆಲ್ ಮಾಡೆಲ್ ಮೊದ್ಲು ಬಂದಿದ್ದು ಸ್ಟ್ಯಾಂಡರ್ಡ್ ಕಂಪನಿಯ ನಾಲ್ಕು ಸಿಲಿಂಡರ್ ಎಂಜಿನ್ ಜೊತೆ. ಚಳೀಲಿ ಸ್ಟಾರ್ಟೇ ಆಗ್ತಿರ್ಲಿಲ್ಲ ಅಂತ ರೈತರು ಬೈದೂ ಬೈದೂ, 1959ರಲ್ಲಿ ಕಂಪನಿಯವ್ರೇ ಅದನ್ನ ತೆಗೆದು ಪರ್ಕಿನ್ಸ್ ಮೂರು ಸಿಲಿಂಡರ್ 152 ಹಾಕಿದ್ರು. ನಾವು ಇವತ್ತು ಒರಿಜಿನಲ್ ಒರಿಜಿನಲ್ ಅಂತ ಪೂಜೆ ಮಾಡೋ ಎಂಜಿನ್ನೂ ನಡುವೆ ಬಂದ ಸೊಸೇನೇ.

ಮೂರು ಸಿಲಿಂಡರ್ ತೆಗೆದು ನಾಲ್ಕು ಸಿಲಿಂಡರ್ ಹಾಕ್ಬೋದಾ? ಪರ್ಕಿನ್ಸೇ ತಾನೆ ಎರಡೂ

ಹಾಕಿರೋರು ಇದ್ದಾರೆ. ಎಂಎಫ್ 65ರಲ್ಲಿದ್ದ ಪರ್ಕಿನ್ಸ್ 203 ಎಂಜಿನ್‌ಗೂ 152ಕ್ಕೂ ಬೋರು ಸ್ಟ್ರೋಕು ಎರಡೂ ಒಂದೇ, 91.4 ಮಿಮೀ, 127 ಮಿಮೀ, ಒಂದು ಸಿಲಿಂಡರ್ ಜಾಸ್ತಿ ಅಷ್ಟೇ. ಆದ್ರೆ ಮೇಲೆ ಹೇಳಿದ ಬೆನ್ನುಮೂಳೆ ಕಥೆ ನೆನಪಿದ್ಯಾ? ಒಂದು ಸಿಲಿಂಡರ್ ಜಾಸ್ತಿ ಅಂದ್ರೆ ಬೆನ್ನು ಅಷ್ಟು ಉದ್ದ, ಮುಂದಿನ ಆಕ್ಸಲ್ ಅಷ್ಟು ಮುಂದಕ್ಕೆ. ಆಕ್ಸಲ್‌ನಿಂದ ಹಿಂದಕ್ಕೆ ಬರೋ ಎರಡು ರೇಡಿಯಸ್ ರಾಡ್ ಉದ್ದ ಮಾಡ್ಬೇಕು, ಸ್ಟೀರಿಂಗ್ ರಾಡ್ ಉದ್ದ ಮಾಡ್ಬೇಕು, ಬಾನೆಟ್ಟು, ಡೀಸೆಲ್ ಟ್ಯಾಂಕು, ರೇಡಿಯೇಟರ್ ಹೋಸು ಎಲ್ಲಾ ಬದಲು. ಸ್ಟೀರಿಂಗ್ ರಾಡ್ ಕತ್ತರಿಸಿ ನಡುವೆ ತುಂಡು ಸೇರಿಸಿ ವೆಲ್ಡ್ ಮಾಡಿದ್ದನ್ನ ಕಣ್ಣಾರೆ ನೋಡಿದೀನಿ, ಕಬ್ಬಿನ ಲೋಡ್ ಎಳ್ಕೊಂಡು ಇಳಿಜಾರಲ್ಲಿ ಬರುವಾಗ ಅದು ಬಿಟ್ರೆ ಏನು ಗತಿ. ಮಾಡೋದಾದ್ರೆ ಹೊಸ ರಾಡು ಮಾಡಿಸಿ, ವೆಲ್ಡಿಂಗ್ ಬೇಡ.

ಜೀಪ್ ಎಂಜಿನ್, ಇಲ್ಲ ಟೆಂಪೋ ಎಂಜಿನ್ ಚೀಪಾಗಿ ಸಿಗುತ್ತಲ್ಲ, ಅದು ಹಾಕಿದ್ರೆ?

ಎರಡು ತೊಂದರೆ. ಒಂದು, ಅವುಗಳ ಆಯಿಲ್ ಸಂಪ್ ತಗಡಿಂದು. ಟ್ರ್ಯಾಕ್ಟರ್ ಸಂಪ್ ಬೀಡು ಕಬ್ಬಿಣ, ಅದು ಎಣ್ಣೆ ತುಂಬೋಕೆ ಮಾತ್ರ ಅಲ್ಲ, ಭಾರ ಹೊರೋಕೆ. ತಗಡಿನ ಸಂಪ್ ಎಂಜಿನ್ ಹಾಕಿದ್ರೆ ಎರಡೂ ಕಡೆ ಗಟ್ಟಿ ಫ್ರೇಮ್ ಕಟ್ಟದೆ ವಿಧಿಯಿಲ್ಲ. ಎರಡನೇದು ಗವರ್ನರ್. ಟ್ರ್ಯಾಕ್ಟರ್‌ನಲ್ಲಿ ಕೈ ಆಕ್ಸಿಲರೇಟರ್ ಒಂದು ಕಡೆ ಇಟ್ರೆ ನೇಗಿಲು ಗಟ್ಟಿ ನೆಲಕ್ಕೆ ಸಿಕ್ಕಿದಾಗ ಪಂಪ್ ತಾನೇ ಡೀಸೆಲ್ ಜಾಸ್ತಿ ಕೊಟ್ಟು ಸ್ಪೀಡ್ ಹಿಡಿದಿಡುತ್ತೆ. ರಸ್ತೆ ಗಾಡಿ ಪಂಪುಗಳು ಹೆಚ್ಚಾಗಿ ಸ್ಲೋ ಮತ್ತು ಗರಿಷ್ಠ ಸ್ಪೀಡ್ ಎರಡನ್ನ ಮಾತ್ರ ನೋಡ್ಕೊಳ್ತವೆ, ನಡುವಿನದ್ದು ಡ್ರೈವರ್ ಕಾಲಿಗೆ ಬಿಟ್ಟಿದ್ದು. ಹೊಲದಲ್ಲಿ ಇಡೀ ದಿನ ಕಾಲಲ್ಲಿ ಅದನ್ನ ಸರಿಮಾಡ್ಕೊಂಡು ಕೂರೋಕಾಗುತ್ತಾ? ಜೊತೆಗೆ ಆ ಎಂಜಿನ್‌ಗಳ ಶಕ್ತಿ ಬರೋದು ಜಾಸ್ತಿ ಆರ್‌ಪಿಎಂನಲ್ಲಿ, ನಮ್ಮ ಗೇರು, 540ರ ಪಿಟಿಓ ಎಲ್ಲಾ ಲೆಕ್ಕ ಹಾಕಿರೋದು ಸುಮಾರು ಎರಡು ಸಾವಿರದೊಳಗಿನ ಎಂಜಿನ್‌ಗೆ.

241ರ ಎಂಜಿನ್ ಕೂರಿಸುವಾಗ ಏನೇನು ಬದಲಾಯಿಸ್ಬೇಕಾಯ್ತು, ಡೀಟೇಲಾಗಿ ಹೇಳಿ

ಎರಡೂ ಮೂರು ಸಿಲಿಂಡರ್ ಸಿಂಪ್ಸನ್ (ಪರ್ಕಿನ್ಸ್ ವಂಶದ ಎಂಜಿನ್ ಇಲ್ಲಿ ತಯಾರಿಸೋ ಕಂಪನಿ), ಒಂದೇ ಮನೆತನ, ಅದಕ್ಕೇ ನಾನು ಇದನ್ನ ಆರಿಸ್ಕೊಂಡಿದ್ದು. ಹಿಂದಿನ ಬೋಲ್ಟ್ ತೂತುಗಳು ನಮ್ಮದ್ರಲ್ಲಿ ಸರಿಯಾಗಿ ಕೂತವು, ಆದ್ರೆ ನಂದು ಕೂತ್ತು ಅಂತ ನಿಮ್ಮದೂ ಕೂರುತ್ತೆ ಅನ್ಕೋಬೇಡಿ. ಎಂಜಿನ್ ದುಡ್ಡು ಕೊಡೋಕೆ ಮುಂಚೆ ದಪ್ಪ ರಟ್ಟಿನ ಮೇಲೆ ನಿಮ್ಮ ಹೌಸಿಂಗಿನ ತೂತುಗಳ ಅಚ್ಚು ತಗೊಂಡು ಹೋಗಿ ಅಲ್ಲಿ ಇಟ್ಟು ನೋಡಿ. ಆಮೇಲೆ ಫ್ಲೈವೀಲ್ ಆಳ ಅಳೀರಿ. ನಾನು ಅಳೀಲಿಲ್ಲ. ಎಲ್ಲಾ ಕಟ್ಟಿ ಬೋಲ್ಟ್ ಟೈಟ್ ಮಾಡಿ ಕ್ಲಚ್ ಒತ್ತಿದ್ರೆ ಬಿಡ್ತಾನೇ ಇಲ್ಲ, ಮತ್ತೆ ಬಿಚ್ಚಿ ಮತ್ತೆ ಎರಡು ಭಾಗ ಮಾಡಿ ನೋಡಿದ್ರೆ ಫ್ಲೈವೀಲ್‌ನಲ್ಲಿ ಕೆಲವೇ ಮಿಲಿಮೀಟರ್ ವ್ಯತ್ಯಾಸ, ಕೊನೆಗೆ ಹಳೇ ಎಂಜಿನ್‌ದೇ ಫ್ಲೈವೀಲು, ಅದರದೇ ಕ್ಲಚ್ ಸೆಟ್ಟು ಹಾಕಿದ್ವಿ. ಇಡೀ ಕೆಲಸದಲ್ಲಿ ನನ್ನ ಕಣ್ಣಲ್ಲಿ ನೀರು ಬಂದಿದ್ದು ಅವತ್ತೊಂದೇ ದಿನ. ಫ್ಲೈವೀಲ್ ನಡುವಿನ ಪೈಲಟ್ ಬೇರಿಂಗ್ ಹೊಸದು ಹಾಕಿ, ಅದು ಸಣ್ಣ ದುಡ್ಡಿಗೆ ಸಿಗುತ್ತೆ, ಆದ್ರೆ ಅದು ಹೋದ್ರೆ ಮತ್ತೆ ಗಾಡಿ ಎರಡು ಭಾಗ. ಸ್ಟಾರ್ಟರ್ ಹಲ್ಲು ರಿಂಗ್‌ಗೆ ಹೊಂದುತ್ತಾ ಅಂತ ಕೈಯಲ್ಲಿ ಕೂರಿಸಿ ನೋಡಿ. ಸೈಲೆನ್ಸರ್ ಪೈಪ್ ಬಾನೆಟ್ ತೂತಿಗೆ ಸರಿ ಬರ್ಲಿಲ್ಲ, ಲೇತ್‌ನವ್ರು ಒಂದು ಸಣ್ಣ ಬಾಗು ಮಾಡ್ಕೊಟ್ರು.

ದೊಡ್ಡ ಎಂಜಿನ್ ಹಾಕಿದ್ಮೇಲೆ ಮಧ್ಯಾಹ್ನ ಆದ್ರೆ ಬಿಸಿ ಮುಳ್ಳು ಕೆಂಪಿಗೆ ಹೋಗುತ್ತೆ

ಜಾಸ್ತಿ ಡೀಸೆಲ್ ಉರಿದ್ರೆ ಜಾಸ್ತಿ ಬಿಸಿ, ಹಳೇ ರೇಡಿಯೇಟರ್ ಹಳೇ ಲೆಕ್ಕದ್ದು. ಆದ್ರೆ ದೊಡ್ಡದು ಹಾಕೋಕೆ ಮುಂಚೆ ಇರೋದನ್ನ ಬಿಚ್ಚಿ ಒಳಗೆ ನೋಡಿ. ನಮ್ಮ ಕಡೆ ಎಲ್ರೂ ಬೋರ್‌ವೆಲ್ ನೀರು ಹಾಕ್ತಾರೆ, ಪಾತ್ರೆ ತಳದಲ್ಲಿ ಬಿಳಿ ಪದರ ಕಟ್ಟುತ್ತಲ್ಲ ಅದೇ ಪದರ ರೇಡಿಯೇಟರ್ ಕೊಳವೆಯಲ್ಲೂ ಎಂಜಿನ್ ಬ್ಲಾಕಲ್ಲೂ ಕಟ್ಟಿರುತ್ತೆ. ನಾನು ಕೋರ್ ಹೊಸದು ಹಾಕ್ಸಿ, ಆಮೇಲಿಂದ ಕೂಲೆಂಟ್ ಮಾತ್ರ ಹಾಕೋದು. ಫ್ಯಾನ್ ಸುತ್ತ ಇರೋ ತಗಡಿನ ಬಳೆ ಕಿತ್ತಿಟ್ಟಿದ್ರೆ ವಾಪಸ್ ಹಾಕಿ, ಅದಿಲ್ಲದಿದ್ರೆ ಫ್ಯಾನು ಅಲ್ಲೇ ಇರೋ ಗಾಳೀನೇ ತಿರುವುತ್ತೆ. ಥರ್ಮೋಸ್ಟಾಟ್ ಕಿತ್ತು ಬಿಸಾಕೋ ಸಲಹೆ ಕೇಳಬೇಡಿ, ತಣ್ಣಗಿನ ಎಂಜಿನ್ ಬೇಗ ಸವೆಯುತ್ತೆ.

ಎಂಜಿನ್ ಯಾಕ್ ಬದ್ಲಾಯಿಸ್ಬೇಕು, ಪಂಪಲ್ಲಿ ಸ್ಕ್ರೂ ತಿರುಗಿಸಿ ಡೀಸೆಲ್ ಜಾಸ್ತಿ ಬಿಟ್ರೆ ಸಾಕಲ್ವಾ?

ಗಾಳಿ ಅಷ್ಟೇ ಇದ್ದು ಡೀಸೆಲ್ ಮಾತ್ರ ಜಾಸ್ತಿ ಆದ್ರೆ ಉರಿಯದೆ ಉಳಿದದ್ದು ಕಪ್ಪು ಹೊಗೆಯಾಗಿ ಹೋಗುತ್ತೆ. ಆ ಹೊಗೆ ನಿಮ್ಮ ದುಡ್ಡು. ಇನ್ನೂ ಉಳಿದದ್ದು ಲೈನರ್ ಮೇಲಿನ ಎಣ್ಣೆ ತೊಳೆದು ಕೆಳಗಿಳಿಯುತ್ತೆ, ಪಿಸ್ಟನ್ ತಲೆ ಕಾಯುತ್ತೆ. ಸೀಲ್ ಹಾಕಿರೋ ಸ್ಕ್ರೂ ಮುಟ್ಟಬೇಡಿ, ಪಂಪ್ ಬಿಚ್ಚಿ ಕ್ಯಾಲಿಬ್ರೇಶನ್ ಮೆಷಿನ್ ಇರೋ ಅಂಗಡಿಗೆ ಕೊಡಿ, ಇಂಜೆಕ್ಟರೂ ಜೊತೇಲೇ.

ಹಳೇ ಗೇರ್ ಬಾಕ್ಸ್ ತಡೆಯುತ್ತಾ? ಮೂತಿ ಎತ್ತಿ ಹಿಂದಕ್ಕೆ ಬೀಳುತ್ತೆ ಅಂತಾರಲ್ಲ?

ಗೇರ್‌ಗೆ ಬೀಳೋ ಏಟು ಎಂಜಿನ್‌ಗಿಂತ ಜಾಸ್ತಿ ಟೈರಿನ ಹಿಡಿತದ ಮೇಲೆ ನಿಂತಿದೆ. ಟೈರು ಜಾರಿದ್ರೆ ಅಲ್ಲಿಗೆ ಮುಗೀತು, ಗೇರ್ ಬಚಾವು. ದೊಡ್ಡ ಎಂಜಿನ್ ಹಾಕಿ, ಟೈರಲ್ಲಿ ನೀರು ತುಂಬಿ, ಚಕ್ರಕ್ಕೆ ತೂಕ ಕಟ್ಟಿ, ಮೊದಲನೇ ಗೇರಲ್ಲಿ ಕ್ಲಚ್ ದಪ್ಪಂತ ಬಿಟ್ರೆ ಆಗ ಮುರಿಯೋದು. ರೋಟಾವೇಟರ್‌ಗೆ, ಟ್ರೇಲರ್‌ಗೆ ನಾನು ಆ ಜಾಸ್ತಿ ಶಕ್ತೀನ ಸ್ಪೀಡಾಗಿ ಬಳಸ್ಕೊಳ್ತೀನಿ, ಅಂದ್ರೆ ಒಂದು ಗೇರ್ ಮೇಲೆ ಓಡಿಸ್ತೀನಿ, ಜಾಸ್ತಿ ಭಾರ ಎಳೆಸಲ್ಲ.

ಮೂತಿ ಎತ್ತೋದು ಸುಳ್ಳಲ್ಲ. ಸರಪಳಿನ ಹಿಂದಿನ ಆಕ್ಸಲ್‌ಗಿಂತ ಎತ್ತರದಲ್ಲಿ ಕಟ್ಟಿ ಮರದ ಬೊಡ್ಡೆ ಎಳೆಯೋಕೆ ಹೋದ್ರೆ ಚಕ್ರ ತಿರುಗೋ ಬದಲು ಗಾಡೀನೇ ಚಕ್ರದ ಸುತ್ತ ತಿರುಗುತ್ತೆ, ಕ್ಲಚ್ ಒತ್ತೋಕೂ ಟೈಮ್ ಇರಲ್ಲ. ಯಾವತ್ತೂ ಕೆಳಗಿನ ಡ್ರಾಬಾರ್‌ಗೇ ಕಟ್ಟಿ.

ಇದ್ರ ಜೊತೆ ಯಾರೂ ಕೇಳದ ಪ್ರಶ್ನೆ ಬ್ರೇಕು. ಶಕ್ತಿ ಏಳು ಎಚ್‌ಪಿ ಜಾಸ್ತಿ ಆಯ್ತು, ಬ್ರೇಕ್ ಮಾತ್ರ ತಾತನ ಕಾಲದ ಡ್ರಮ್ಮು. ನಾನು ಎಂಜಿನ್ ಮುಟ್ಟೋಕೆ ಮುಂಚೆ ಲೈನಿಂಗು, ಹಿಂದಿನ ಆಕ್ಸಲ್ ಸೀಲು ಎಲ್ಲಾ ಹೊಸದು ಹಾಕ್ಸಿದೆ, ಯಾಕಂದ್ರೆ ಸೀಲ್ ಸೋರಿದ್ರೆ ಎಣ್ಣೆ ಡ್ರಮ್ ಒಳಗೇ ಬರೋದು. ರೋಡಿಗೆ ಬಂದಾಗ ಎಡ ಬಲ ಪೆಡಲ್ ಎರಡನ್ನೂ ಸೇರಿಸಿ ಕೊಂಡಿ ಹಾಕಿ, ಎರಡೂ ಒಂದೇ ಸಮ ಹಿಡಿಯುತ್ತಾ ಅಂತ ಖಾಲಿ ಜಾಗದಲ್ಲಿ ನೋಡ್ಕೊಳ್ಳಿ.

ಆರ್‌ಟಿಓದಲ್ಲಿ ಏನು ಮಾಡ್ಬೇಕು? ಹಳೇ ಗಾಡಿ ಅಂತ ವಿಂಟೇಜ್ ನಂಬರ್ ಸಿಗುತ್ತಾ?

ವಿಂಟೇಜ್ ಮರೆತುಬಿಡಿ. 2021ರಲ್ಲಿ ಬಂದ ಆ ನಿಯಮ 50 ವರ್ಷ ದಾಟಿದ ಬೈಕು ಕಾರುಗಳಿಗೆ, ಅದೂ ಮೂಲ ರೂಪದಲ್ಲೇ ಇರ್ಬೇಕು. ನಮ್ಮದು ಮಾಮೂಲಿ ಟ್ರ್ಯಾಕ್ಟರ್ರೇ, ಆರ್‌ಸಿ 15 ವರ್ಷ, ಆಮೇಲೆ ಐದೈದು ವರ್ಷಕ್ಕೆ ರಿನ್ಯೂವಲ್. ಎಂಜಿನ್ ನಂಬರ್ ಆರ್‌ಸಿಯಲ್ಲಿ ಇರೋದ್ರಿಂದ ಬದಲಾಯಿಸೋಕೆ ಮುಂಚೇನೇ ಆರ್‌ಟಿಓ ಆಫೀಸಲ್ಲಿ ಕೇಳಿ, ಒಪ್ಪಿಗೆ ಬರವಣಿಗೆಯಲ್ಲಿ ತಗೊಳ್ಳಿ. 1988ರ ಮೋಟಾರು ವಾಹನ ಕಾಯ್ದೆ 52ನೇ ಸೆಕ್ಷನ್ ಈ ವಿಷ್ಯದ್ದೇ, ಕಂಪನಿ ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸೋ ಹಂಗಿಲ್ಲ ಅಂತ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಗಟ್ಟಿಯಾಗೇ ಹೇಳಿದೆ. ಅದಕ್ಕೇ ಅದೇ ಕಂಪನಿಯ, ಬಿಲ್ಲು ದಾಖಲೆ ಇರೋ ಎಂಜಿನ್ ತಗೊಳ್ಳಿ. ನಂಬರ್ ಸೇರದೆ ರೋಡಲ್ಲಿ ಏನಾದ್ರೂ ಆದ್ರೆ ಇನ್ಶೂರೆನ್ಸ್‌ನವ್ರು ಮೊದ್ಲು ಹುಡುಕೋದೇ ಅದನ್ನ.

ಕಿತ್ತಿಟ್ಟ ಹಳೇ ಎಂಜಿನ್ ಮಾರ್ತೀರಾ? ಒಳ್ಳೇ ರೇಟ್ ಕೊಡ್ತೀನಿ

ಇಲ್ಲ. ಇದನ್ನ ಕೇಳಿರೋರಲ್ಲಿ ನಮ್ಮ ಸ್ವಂತ ಭಾವನೂ ಒಬ್ರು. ಎರಡನೇ ಸಿಲಿಂಡರ್‌ಗೆ ಹೊಸ ಲೈನರ್ ಹಾಕ್ಸಿ, ಒಳಗೆಲ್ಲ ಎಣ್ಣೆ ಸುರಿದು, ತೂತುಗಳಿಗೆ ಮರದ ಬಿರಡೆ ಬಡಿದು ಕೊಟ್ಟಿಗೆ ಮೂಲೇಲಿ ಸ್ಟ್ಯಾಂಡ್ ಮೇಲೆ ಇಟ್ಟಿದೀನಿ. ಗಾಡೀಲಿ ಒಂದು ತೂತೂ ಹೊಸದಾಗಿ ಕೊರೆದಿಲ್ಲ, ಒಂದು ಕಡೇನೂ ಕತ್ತರಿಸಿಲ್ಲ, ಹಾಗಾಗಿ ಎರಡು ದಿನ ಕೂತ್ರೆ ಅದು ವಾಪಸ್ ಅದರ ಜಾಗಕ್ಕೆ ಹೋಗುತ್ತೆ. ತಿಂಗಳಿಗೊಂದ್ಸಲ ಕ್ರ್ಯಾಂಕ್ ಕೈಯಲ್ಲಿ ಅರ್ಧ ಸುತ್ತು ತಿರುಗಿಸಿ ಬರ್ತೀನಿ. ಟೂಲ್ ಬಾಕ್ಸ್ ಹೋಯ್ತಲ್ಲ ಅಂತ ಕೋಳಿಗಳು ಈಗ ಆ ಸ್ಟ್ಯಾಂಡ್ ಕೆಳಗೆ ಮೊಟ್ಟೆ ಇಡೋಕೆ ಶುರು ಮಾಡಿವೆ.